ಮಳಖೇಡದ ರಸಾಯನ, ವಾಡಿಯ ಶೀಶೆ

ಭಾಗ 1

ಕೋಟೆ, ಶಾಸನ, ಹಳೇ ಗುಡಿ ಹಾಕೋ ಈ ಪೇಜಿನಾಗ ಇವತ್ತು ಔಷಧಿ ಶೀಶೆ ಯಾಕ ಬಂತು ಅಂತ ಕೇಳ್ತೀರಿ, ಗೊತ್ತು. ಜರಾ ತಾಳ್ರಿ, ಕೋಟೇನೂ ಬರ್ತದ.

ಫೋಟೋದಲ್ಲಿರೋದು ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಶೀಶೆ. ಮೇಲೆ ರಬ್ಬರ್ ಬಿರಡೆ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ಲೇಬಲ್ ಮೇಲೆ ಸಿಜೆಸಿ-1295, ಇಪಾಮೊರೆಲಿನ್ ಅಂತ ಎರಡು ಹೆಸರು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ" ಅಂತ ಇಂಗ್ಲಿಷಿನಲ್ಲಿ ಇದೆ. ಆ ಸಾಲನ್ನು ಫೋನಿನಲ್ಲಿ ಝೂಮ್ ಮಾಡಿಯೇ ಓದಬೇಕಾಯ್ತು.

ಶೀಶೆ ನನ್ನದಲ್ಲ. ನನ್ನ ಕ್ಲಾಸ್‌ಮೇಟ್‌ದು, ವಾಡಿಯವನು. ಜಿಮ್‌ನಾಗ ಯಾರೋ ಹೇಳಿದ್ರಂತ ಆನ್‌ಲೈನ್‌ನಲ್ಲಿ ತರಿಸಿದ್ದ. ತನಗಾಗಿ ಅಲ್ಲ, ಅವನಪ್ಪನಿಗಾಗಿ. ಅವನಪ್ಪ ಶಹಾಬಾದಿನ ಫರ್ಸಿ ಖಣಿಯೊಳಗ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವರು. ಈಗ ಐವತ್ತೆರಡು. ನೋಡಿದವರು ಅರವತ್ತೈದು ಅಂತಾರೆ. ಒಂದು ಕಾಲಕ್ಕೆ ಇಬ್ಬರು ಹಿಡಿಯೋ ಫರ್ಸಿ ಒಬ್ಬರೇ ಎಬ್ಬಿಸುತ್ತಿದ್ದವರು ಈಗ ಕುರ್ಚಿಯಿಂದ ಏಳೋವಾಗ ಕೈ ಊರುತ್ತಾರೆ. ಆರು ವರ್ಷದಿಂದ ಶುಗರ್ ಬೇರೆ.

"ವಯಸ್ಸು ಹಿಂದಕ್ಕ ಹೋಗ್ತದಂತ ರೀಲ್‌ನಾಗ ತೋರಿಸ್ಯಾರ ದೋಸ್ತ್. ಅಪ್ಪಗ ಕೊಡಬೇಕಂತ ಮಾಡೀನಿ. ನೀ ಹಿಸ್ಟರಿ ಓದಾಂವ, ಹುಡುಕಿ ಹೇಳು, ಇದು ಖರೇನೋ ಸುಳ್ಳೋ" ಅಂದ.

ನಾನು ಡಾಕ್ಟರ್ ಅಲ್ಲ, ಇತಿಹಾಸ ಓದೋ ಹುಡುಗ. ಆದ್ರೆ ಈ ಪ್ರಶ್ನೆಗೆ ಇತಿಹಾಸ ಇದೆ. ಅದು ಶುರುವಾಗೋದೂ ನಮ್ಮ ಸೇಡಂ ತಾಲೂಕಿನಿಂದಲೇ ಅಂದ್ರೆ ನಂಬ್ತೀರೇನು?

ಭಾಗ 2

ಇದು ಮಳಖೇಡ. ಕಾಗಿಣಾ ದಂಡೆಯ ಕೋಟೆ. ಸಾಲಿ ಟ್ರಿಪ್ಪಿನಾಗ ಎಲ್ಲರೂ ಒಮ್ಮೆ ಹೋಗಿರ್ತೀರಿ, ಗೋಡೆ ಮೇಲೆ ನಿಂತು ಫೋಟೋ ತೆಗೆಸಿಕೊಂಡಿರ್ತೀರಿ. ಈಗ ಆ ಕಡೆ ಮುಖ ಮಾಡಿದ್ರೆ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣ್ತದೆ. ಆಗ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ.

ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗ 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ, ನಮ್ಮ ಹೈಸ್ಕೂಲ್ ಹುಡುಗರ ವಯಸ್ಸು. ಸುಮಾರು 64 ವರ್ಷ ರಾಜ್ಯವಾಳಿದ. ಜನರು ನಲವತ್ತು ದಾಟಿದ್ರೆ ದೊಡ್ಡದು ಅನ್ನೋ ಕಾಲದಲ್ಲಿ ಎಂಬತ್ತರ ಹತ್ತಿರ ಬದುಕಿದ. ಕವಿರಾಜಮಾರ್ಗ ಅವನ ಆಸ್ಥಾನದ್ದು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹವೂ ಅದೇ ಕಾಲದ್ದು. 871ರ ಸಂಜಾನ್ ತಾಮ್ರಪಟ ಇನ್ನೊಂದು ಸಂಗತಿ ಹೇಳ್ತದೆ: ಪ್ರಜೆಗಳಿಗೆ ಬಂದ ಸಂಕಟ ಕಳೀಲಿ ಅಂತ ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ. ರಾಜ್ಯ ಬಿಟ್ಟು ವೈರಾಗ್ಯಕ್ಕೆ ಹೋಗಿದ್ದೂ ಒಂದಕ್ಕಿಂತ ಹೆಚ್ಚು ಸಲ.

ಇಷ್ಟು ವರ್ಷ ಬದುಕಿದ ರಾಜನ ಸುತ್ತ ವೈದ್ಯರು ಇರಲಿಲ್ಲ ಅಂದ್ರೆ ಆಗೋದಿಲ್ಲ. ಇದ್ದರು. ಅದರಲ್ಲಿ ಒಬ್ಬನ ಪುಸ್ತಕ ನಮ್ಮ ತನಕ ಬಂದಿದೆ.

ಭಾಗ 3

ಪುಸ್ತಕದ ಹೆಸರು ಕಲ್ಯಾಣಕಾರಕ. ಬರೆದವರು ಉಗ್ರಾದಿತ್ಯಾಚಾರ್ಯರು, ಜೈನ ಮುನಿ. ಭಾಷೆ ಸಂಸ್ಕೃತ. 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯ್ತು. (ಕನ್ನಡದಲ್ಲಿ ಜಗದ್ದಳ ಸೋಮನಾಥ ಬರೆದ ಕರ್ನಾಟಕ ಕಲ್ಯಾಣಕಾರಕ ಬೇರೆ. ಅದು ಪೂಜ್ಯಪಾದರ ಗ್ರಂಥವನ್ನು ಕನ್ನಡಕ್ಕೆ ತಂದದ್ದು, ಆಮೇಲಿನ ಕಾಲದ್ದು. ಹೆಸರು ಒಂದೇ ಇರೋದ್ರಿಂದ ನೋಟ್ಸ್‌ನಲ್ಲಿ ಎರಡನ್ನೂ ಕಲಸಿಬಿಡ್ತಾರೆ, ಹುಷಾರ್.)

25 ಅಧ್ಯಾಯ, ಆಮೇಲೆ ಎರಡು ಅನುಬಂಧ. ಕೊನೆಯ ಅನುಬಂಧ ಹಿತಾಹಿತಾಧ್ಯಾಯ. ಅದರಲ್ಲೇ ನಮ್ಮ ರಾಜ ಬರ್ತಾನೆ. ನೃಪತುಂಗವಲ್ಲಭನ ಸಭೆಯಲ್ಲಿ, ಮಾಂಸ ತಿನ್ನಬೇಕು ಅನ್ನೋ ವೈದ್ಯರೆಲ್ಲ ಸೇರಿದ್ದಾಗ, ಔಷಧಿಗೆ ಮಾಂಸ ಬೇಕೇ ಬೇಕು ಅನ್ನೋ ಮಾತು ಸುಳ್ಳು ಅಂತ ಉಗ್ರಾದಿತ್ಯರು ವಾದ ಮಾಡಿದ್ರಂತೆ. ಅವರ ಇಡೀ ಪುಸ್ತಕದಲ್ಲಿ ಮಾಂಸ, ಮದ್ಯ, ಜೇನು ಹಾಕಿದ ಮದ್ದೇ ಇಲ್ಲ. ಬೇರೆ ಜೀವದ ದೇಹದಿಂದ ಬಲ ತಂದು ನಮ್ಮ ದೇಹಕ್ಕೆ ಹಾಕಬೇಕಾ, ಬೇಡವಾ? ಈ ಜಗಳ ನೆನಪಿಟ್ಟುಕೊಳ್ರಿ. ಮುಂದೆ ಪ್ಯಾರಿಸ್‌ಗೆ ಹೋದಾಗ ಬೇಕಾಗ್ತದೆ.

ಇನ್ನೊಂದು ಕಡೆ ಅವರು ತಮಗಿಂತ ಹಿಂದಿನ ವೈದ್ಯ ಮುನಿಗಳ ಪಟ್ಟಿ ಕೊಡ್ತಾರೆ. ಕಣ್ಣು ಕಿವಿಗೆ ಪೂಜ್ಯಪಾದರು, ಶಸ್ತ್ರಚಿಕಿತ್ಸೆಗೆ ಪಾತ್ರಸ್ವಾಮಿ, ಮಕ್ಕಳಿಗೆ ಮೇಘನಾದ. ಬಲ ಹೆಚ್ಚಿಸೋ ಮದ್ದು, ದಿವ್ಯಾಮೃತದ ವಿದ್ಯೆ, ಅಂದ್ರೆ ಮುಪ್ಪು ತಡೆಯೋ ವಿಭಾಗ ಸಿಂಹನಾದ ಅನ್ನೋ ಮುನಿಯದ್ದು. ಆ ಸಿಂಹನಾದರ ಪುಸ್ತಕ ಇವತ್ತು ನಮ್ಮ ಕೈಯಲ್ಲಿಲ್ಲ, ಹೆಸರಷ್ಟೇ ಉಳಿದಿದೆ. ಅಮೃತದ ಬಗ್ಗೆ ಬರೆದ ಪುಸ್ತಕಾನೇ ಉಳೀಲಿಲ್ಲ ನೋಡ್ರಿ.

ಅಂದಹಾಗೆ ಚಿತ್ತಾಪುರದ ಮಗ್ಗುಲಿನ ನಾಗಾವಿ ಗೊತ್ತಲ್ಲ? 1058ರ ಶಾಸನದ ಪ್ರಕಾರ ಅಲ್ಲಿನ ಘಟಿಕಾಸ್ಥಾನದಲ್ಲಿ ಪುಸ್ತಕ ಕಾಯೋದಕ್ಕೆ ಅಂತಲೇ ಆರು ಮಂದಿ ಸರಸ್ವತೀ ಭಂಡಾರಿಕರು ಇದ್ದರು. ಸಾವಿರ ವರ್ಷದ ಹಿಂದೆ ನಮ್ಮ ಊರಾಗ ಲೈಬ್ರರಿಗೆ ಆರು ಪೋಸ್ಟ್! ಈಗಿನ ನಮ್ಮ ಕಾಲೇಜಿನ ಕಥೆ ಕೇಳಬ್ಯಾಡ್ರಿ.

ಭಾಗ 4

ಮುಪ್ಪು ತಡೆಯೋ ವಿದ್ಯೆಗೆ ಆಯುರ್ವೇದದ ಹೆಸರು ರಸಾಯನ. ಇದು ಅಷ್ಟಾಂಗದಲ್ಲಿ ಒಂದು ಅಂಗ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಶುರುವಾಗೋದೇ ರಸಾಯನದಿಂದ. ಮುದುಕ ಚ್ಯವನ ಋಷಿ ಮತ್ತೆ ಯುವಕನಾದ ಕಥೆಯೂ ಅಲ್ಲಿದೆ, ಡಬ್ಬಿಯಲ್ಲಿ ನಾವು ತಿನ್ನೋ ಚ್ಯವನಪ್ರಾಶ ಅದೇ.

ಚರಕ ಎರಡು ದಾರಿ ಹೇಳ್ತಾನೆ. ಒಂದು ಕುಟೀಪ್ರಾವೇಶಿಕ: ಗಾಳಿ ಬೆಳಕು ಕಡಿಮೆ ಇರೋ ಕುಟೀರದೊಳಗೆ ದಿನಗಟ್ಟಲೆ ಇದ್ದು ಮದ್ದು ತಿನ್ನೋದು. ಅದು ಪುರಸೊತ್ತು, ದುಡ್ಡು, ಆಳುಕಾಳು ಇದ್ದವರಿಗೆ. ಇನ್ನೊಂದು ವಾತಾತಪಿಕ: ಗಾಳಿ ಬಿಸಿಲಿನಲ್ಲಿ ತನ್ನ ಕೆಲಸ ಮಾಡ್ತಲೇ ತಗೊಳ್ಳೋದು. ಇದರ ಜೊತೆಗೆ ಆಚಾರ ರಸಾಯನ ಅಂತ ಒಂದು ಭಾಗ ಇದೆ, ನನಗೆ ಭಾಳ ಹಿಡಿಸಿದ್ದು. ಸಿಟ್ಟು ಬಿಡೋದು, ಕುಡಿತ ಬಿಡೋದು, ನಿದ್ದೆ ಎಚ್ಚರ ಸರಿ ಇಡೋದು, ಮೈಗೆ ಮೀರಿ ದಣಿಯದಿರೋದು. ಹಿಂಗ ಬದುಕೋನು ದಿನಾ ರಸಾಯನ ತಿಂದಂಗೇ ಅಂತ ಅದರ ತಾತ್ಪರ್ಯ. ಮಾರೋಕೆ ಏನೂ ಇಲ್ಲ ಇದರಾಗ.

ಆದ್ರೆ ನಮ್ಮ ಹಳಬರು ಎಲ್ಲಾ ಸರಿ ಮಾಡಿದ್ರು ಅಂತ ನಾ ಹೇಳೋದಿಲ್ಲ. ಆಮೇಲೆ ರಸಶಾಸ್ತ್ರ ಬಂತು. ರಸ ಅಂದ್ರೆ ಪಾದರಸ. ಸಾವು ಗೆಲ್ಲೋ ಆಸೆಗೆ ಪಾದರಸದ ಮದ್ದು ತಿಂದವರು ಇಲ್ಲೂ ಇದ್ರು, ಚೀನಾದಲ್ಲೂ ಇದ್ರು. ಪಾದರಸ ಮೂತ್ರಪಿಂಡ, ನರ ಎರಡನ್ನೂ ಕೆಡಿಸ್ತದೆ ಅಂತ ಈಗ ಗೊತ್ತು.

ಕುಟೀರದ ದಾರಿ 20ನೇ ಶತಮಾನದ ತನಕ ಬಂತು. 1938ರಲ್ಲಿ ಮದನಮೋಹನ ಮಾಳವೀಯರು ಎಪ್ಪತ್ತಾರರ ವಯಸ್ಸಿನಲ್ಲಿ ತಪಸಿ ಬಾಬಾ ಅನ್ನೋ ಸಾಧುವಿನ ಕೈಲಿ ಕಾಯಕಲ್ಪ ಮಾಡಿಸಿಕೊಂಡ್ರು, ಕತ್ತಲ ಕುಟೀರದಲ್ಲಿ ನಲವತ್ತು ದಿನಕ್ಕೂ ಹೆಚ್ಚು. ದೇಶದ ಪೇಪರಿನಲ್ಲೆಲ್ಲ ಅದೇ ಸುದ್ದಿ. ಅವರು ತೀರಿಕೊಂಡದ್ದು 1946ರಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕಟ್ಟಿದ ಮನುಷ್ಯ ಅವರು. ಮುಪ್ಪಿನ ಮುಂದೆ ಓದಿದವರು ಓದದವರು ಅನ್ನೋ ಭೇದ ಇಲ್ಲ, ಅದಕ್ಕೇ ನನ್ನ ದೋಸ್ತನಿಗೆ ನಾನು ನಗಲಿಲ್ಲ.

ಭಾಗ 5

ಈಗ ಪ್ಯಾರಿಸ್. 1889, ಜೂನ್ 1.

ಬ್ರೌನ್-ಸೆಕಾರ್ ಸಣ್ಣ ಮನುಷ್ಯ ಅಲ್ಲ, ಬೆನ್ನುಹುರಿಯ ಬಗ್ಗೆ ಅವನು ಕಂಡುಹಿಡಿದದ್ದನ್ನು ಇವತ್ತಿಗೂ ಎಂಬಿಬಿಎಸ್ ಹುಡುಗರು ಅವನ ಹೆಸರಿನಲ್ಲೇ ಓದ್ತಾರೆ. ಆ ದಿನ 72 ವಯಸ್ಸಿನ ಅವನು ವಿಜ್ಞಾನಿಗಳ ಸಭೆಯಲ್ಲಿ ನಿಂತು, ನಾಯಿ ಮತ್ತು ಗಿನಿಪಿಗ್‌ಗಳ ವೃಷಣದ ರಸ ತೆಗೆದು ನನಗೇ ಇಂಜೆಕ್ಷನ್ ಚುಚ್ಚಿಕೊಂಡೆ, ಬಲ ಮರಳಿ ಬಂದಿದೆ, ಮೆಟ್ಟಿಲು ಹತ್ತುತ್ತೇನೆ, ಹೊತ್ತುಗಟ್ಟಲೆ ನಿಂತು ಕೆಲಸ ಮಾಡುತ್ತೇನೆ ಅಂದ. ಸ್ವಲ್ಪ ದಿನದಲ್ಲೇ ಯುರೋಪ್, ಅಮೆರಿಕದ ತುಂಬ ಆ ರಸ ಮಾರಾಟಕ್ಕೆ ಬಂತು.

ಈಗ ಗೊತ್ತಿರೋದು ಏನಂದ್ರೆ, ಅವನು ನೀರಿನಲ್ಲಿ ಅರೆದು ತೆಗೆದ ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನ್ ಇರೋದಕ್ಕೇ ಸಾಧ್ಯ ಇರಲಿಲ್ಲ. ಬಲ ಬಂದದ್ದು ಸುಳ್ಳಲ್ಲ, ಮನಸ್ಸಿನಿಂದ ಬಂತು. ಐದು ವರ್ಷದೊಳಗೆ, 1894ರಲ್ಲಿ ತೀರಿಕೊಂಡ. ಆದ್ರೆ ಅವನ ಮೂಲ ಊಹೆ, ಗ್ರಂಥಿಗಳು ರಕ್ತಕ್ಕೆ ಏನೋ ಬಿಡ್ತಾವೆ, ಅದು ದೂರದ ಅಂಗಗಳನ್ನು ನಡೆಸ್ತದೆ ಅನ್ನೋದು, ಖರೇ ಆಯ್ತು. ಅಂದ್ರೆ ಊಹೆ ಸರಿ, ಔಷಧಿ ಸುಳ್ಳು. ನಮ್ಮ ಶೀಶೆಯ ಕಥೆಯನ್ನೂ ಈ ಎರಡನ್ನು ಬೇರೆ ಮಾಡಿಯೇ ನೋಡಬೇಕು.

ಉಗ್ರಾದಿತ್ಯರು ಆ ಸಭೆಯೊಳಗ ಇದ್ದಿದ್ರೆ ಏನಂತಿದ್ರು ಅಂತ ನಾ ಭಾಳ ಸಲ ಯೋಚನೆ ಮಾಡೀನಿ.

ಭಾಗ 6

ತಲೆಬುರುಡೆಯೊಳಗೆ, ಮೂಗಿನ ಬುಡದ ಹಿಂದೆ ತೊಗರಿ ಕಾಳಿಗಿಂತ ಚೂರು ದೊಡ್ಡದಾದ ಗ್ರಂಥಿ ಇದೆ. ಪಿಟ್ಯುಟರಿ. (ಇಂಗ್ಲಿಷ್ ಪುಸ್ತಕದಾಗ ಬಟಾಣಿ ಅಂತಾರೆ, ನಮ್ಮ ಜಿಲ್ಲೆಯಲ್ಲಿ ತೊಗರಿ ಬಿಟ್ಟು ಬೇರೆ ಕಾಳಿನ ಹೆಸರು ಹೇಳೋದು ಹೆಂಗ?) ಬೆಳವಣಿಗೆ ಹಾರ್ಮೋನ್, ಅಂದ್ರೆ ಗ್ರೋತ್ ಹಾರ್ಮೋನ್, ಬಿಡೋದು ಇದೇ. ಹರೆಯದಲ್ಲಿ ಜೋರು, ವಯಸ್ಸಾದಂತೆ ಕಡಿಮೆ ಆಗ್ತಾ ಹೋಗ್ತದೆ. ದಿನವಿಡೀ ಒಂದೇ ಸಮ ಬರೋದಿಲ್ಲ, ಅಲೆ ಅಲೆಯಾಗಿ ಬರ್ತದೆ. ದೊಡ್ಡ ಅಲೆ ರಾತ್ರಿ ಮೊದಲ ಗಾಢ ನಿದ್ದೆಯಲ್ಲಿ.

1958ರಲ್ಲಿ ಅಮೆರಿಕದ ಮಾರಿಸ್ ರಾಬೆನ್ ಸತ್ತ ಮನುಷ್ಯರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನು, ಎತ್ತರ ಬೆಳೆಯದ 17 ವರ್ಷದ ಹುಡುಗನಿಗೆ ಕೊಟ್ಟು ಬೆಳೆಸಿದ ವರದಿ ಬಂತು. ಪ್ರಾಣಿಗಳದ್ದು ಮನುಷ್ಯನಿಗೆ ಆಗಿಬರೋದಿಲ್ಲ, ಮನುಷ್ಯನದೇ ಬೇಕು. ಹಾಗಾಗಿ ಶವಾಗಾರಗಳಿಂದ ಗ್ರಂಥಿ ಸೇರಿಸೋ ದೊಡ್ಡ ವ್ಯವಸ್ಥೆಗಳೇ ಹುಟ್ಟಿಕೊಂಡವು. ಸಾವಿರಾರು ಮಕ್ಕಳು ಎತ್ತರ ಬೆಳೆದ್ರು, ಖುಷಿಯ ಕಥೆ.

1985ರಲ್ಲಿ ಗೊತ್ತಾಯ್ತು, ಹಾಗೆ ಬೆಳೆದ ಕೆಲವರು ಹರೆಯದಲ್ಲೇ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಅನ್ನೋ ಮೆದುಳು ಕೊಳೆಯೋ ಕಾಯಿಲೆಯಿಂದ ಸಾಯ್ತಿದ್ದಾರೆ. ಸತ್ತವರ ಗ್ರಂಥಿಯ ಜೊತೆ ಅವರ ರೋಗವೂ ಬಂದಿತ್ತು. ಚುಚ್ಚಿದ ಎಷ್ಟೋ ವರ್ಷಗಳ ನಂತರ ಅದು ಎದ್ದಿತ್ತು. ಫ್ರಾನ್ಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಅಮೆರಿಕ ಆ ವರ್ಷ ಏಪ್ರಿಲ್‌ನಲ್ಲೇ ಹಂಚಿಕೆ ನಿಲ್ಲಿಸಿತು. ಅದೇ ವರ್ಷದ ಕೊನೆಗೆ, ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ, ಶವದ ಸಂಬಂಧ ಇಲ್ಲದ ಹಾರ್ಮೋನಿಗೆ ಒಪ್ಪಿಗೆ ಸಿಕ್ಕಿತು. ಹಾರ್ಮೋನ್ ಕೊರತೆ ಇರೋ ಮಕ್ಕಳಿಗೆ ಈಗ ಡಾಕ್ಟರು ಕೊಡೋದು ಅಂಥದ್ದೇ. ಆ ಮಕ್ಕಳಿಗೆ ಅದು ನಿಜವಾದ ಔಷಧಿ, ಅದರ ಬಗ್ಗೆ ತಕರಾರಿಲ್ಲ.

ಇಲ್ಲೇ ಇನ್ನೊಂದು ಹೆಸರು. ಅರ್ಜೆಂಟೀನಾದ ಬೆರ್ನಾರ್ದೊ ಊಸ್ಸಾಯ್, 1947ರ ನೊಬೆಲ್. ಶುಗರ್ ಇದ್ದ ನಾಯಿಗಳ ಪಿಟ್ಯುಟರಿ ತೆಗೆದಾಗ ಅವುಗಳ ಶುಗರ್ ತಗ್ಗಿತು ಅಂತ ತೋರಿಸಿದವನು. ಅಂದ್ರೆ ಈ ಗ್ರಂಥಿ ಬಿಡೋ ವಸ್ತು ಇನ್ಸುಲಿನ್‌ಗೆ ಎದುರು ನಿಲ್ತದೆ. ಇದನ್ನು ಓದಿದಾಗ ರಾತ್ರಿ ಹನ್ನೊಂದಾಗಿತ್ತು. ದೋಸ್ತನಿಗೆ ಅಲ್ಲೇ ಮೆಸೇಜ್ ಹಾಕಿದೆ: "ನಾ ಹೇಳೋತನಕ ಸೂಜಿ ಮುಟ್ಟಬ್ಯಾಡ."

ಭಾಗ 7

ಶೀಶೆಯೊಳಗಿರೋದು ಗ್ರೋತ್ ಹಾರ್ಮೋನ್ ಅಲ್ಲ. ಅದನ್ನು ಬಿಡು ಅಂತ ಪಿಟ್ಯುಟರಿಗೆ ಹೇಳೋ ಸಂದೇಶ. ಇದನ್ನೇ ಪೆಪ್ಟೈಡ್ ಅಂತಾರೆ: ಅಮೈನೊ ಆಮ್ಲಗಳ ಗಿಡ್ಡ ಸರ. ಉದ್ದ ಸರ ಆದ್ರೆ ಪ್ರೋಟೀನ್, ಗಿಡ್ಡದಾದ್ರೆ ಪೆಪ್ಟೈಡ್, ಅಷ್ಟೇ ಅನ್ಕೊಳ್ರಿ. ನುಂಗಿದ್ರೆ ಹೊಟ್ಟೆ ಅದನ್ನು ಬೇಳೆಯಂತೆ ಅರಗಿಸಿಬಿಡ್ತದೆ, ಅದಕ್ಕೇ ಚುಚ್ಚೋದು.

ಮೆದುಳಿನ ಬುಡದಿಂದ ಪಿಟ್ಯುಟರಿಗೆ ಇಂಥ ಸಂದೇಶಗಳು ಬರ್ತಾವೆ ಅಂತ ಸಿದ್ಧ ಮಾಡಿದವರು ರೋಜೆ ಗಿಯ್ಮಾ, ಆಂಡ್ರ್ಯೂ ಶಾಲಿ. ಇಬ್ಬರಿಗೂ 1977ರ ನೊಬೆಲ್. ಇಬ್ಬರೂ ಒಬ್ಬರಿಗೊಬ್ಬರು ಹಠ ಹಿಡಿದು ವರ್ಷಗಟ್ಟಲೆ, ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ಕುರಿ ಹಂದಿಗಳ ಮೆದುಳಿನ ಚೂರು ತರಿಸಿ ಅರೆದು, ಅದರಿಂದ ಮಿಲಿಗ್ರಾಂ ಲೆಕ್ಕದಲ್ಲಿ ವಸ್ತು ತೆಗೆದವರು. ಗ್ರೋತ್ ಹಾರ್ಮೋನ್ ಬಿಡಿಸೋ ಸಂದೇಶ ಮಾತ್ರ ಅಷ್ಟು ಅರೆದ್ರೂ ಕೈಗೆ ಸಿಗಲಿಲ್ಲ. 1982ರಲ್ಲಿ ಅದು ಸಿಕ್ಕಿದ್ದು ಮನುಷ್ಯರ ಪ್ಯಾಂಕ್ರಿಯಾಸ್ ಗಡ್ಡೆಯಲ್ಲಿ. ಆ ಗಡ್ಡೆ ಇದನ್ನು ಅತಿಯಾಗಿ ಬಿಟ್ಟು ರೋಗಿಯ ಕೈಕಾಲು, ದವಡೆ ದಪ್ಪಗಾಗಿದ್ದವು. ಗಿಯ್ಮಾ ತಂಡ, ವೈಲಿ ವೇಲ್ ತಂಡ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕಂಡುಕೊಂಡವು. 44 ಅಮೈನೊ ಆಮ್ಲಗಳ ಸರ. ಮೊದಲ 29 ಇದ್ದರೇ ಸಾಕು ಕೆಲಸ ಆಗ್ತದೆ ಅಂತ ತಿಳಿದಾಗ ಸರ್ಮೊರೆಲಿನ್ ಹುಟ್ಟಿತು. ಅದನ್ನೇ ತಿದ್ದಿ, ರಕ್ತದಲ್ಲಿ ದಿನಗಟ್ಟಲೆ ಉಳಿಯೋ ಹಾಗೆ ಮಾಡಿದ್ದು ಸಿಜೆಸಿ-1295.

ಎರಡನೇ ದಾರಿ ಇನ್ನೂ ಮಜಾ. ಸಿರಿಲ್ ಬೋವರ್ಸ್ ಅನ್ನೋ ಅಮೆರಿಕನ್ ವೈದ್ಯ ಪ್ರಯೋಗಾಲಯದಲ್ಲಿ ಸಣ್ಣ ಸಣ್ಣ ಪೆಪ್ಟೈಡ್ ಮಾಡಿ, ಅವು ಗ್ರೋತ್ ಹಾರ್ಮೋನ್ ಬಿಡಿಸ್ತಾವೆ ಅಂತ ತೋರಿಸಿದ. ಯಾವ ಬೀಗಕ್ಕೆ ಹೋಗೋ ಕೀಲಿ ಅದು ಅಂತ ಮಾತ್ರ ಯಾರಿಗೂ ತಿಳೀಲಿಲ್ಲ. ಬೀಗ 1996ರಲ್ಲಿ ಸಿಕ್ಕಿತು. ದೇಹದ್ದೇ ಅಸಲಿ ಕೀಲಿ 1999ರಲ್ಲಿ ಸಿಕ್ಕಿತು, ಜಪಾನಿನ ಕೊಜಿಮಾ ಮತ್ತು ಕಂಗಾವಾ ತಂಡಕ್ಕೆ, ಎಲ್ಲಿ ಗೊತ್ತಾ? ಹೊಟ್ಟೆಯಲ್ಲಿ. ಗ್ರೆಲಿನ್ ಅಂತ ಹೆಸರಿಟ್ಟರು. ಹಸಿವಾದಾಗ ಹೊಟ್ಟೆ ಬಿಡೋ ಹಾರ್ಮೋನ್ ಅದು. ಇಪಾಮೊರೆಲಿನ್ ಇದೇ ಬೀಗಕ್ಕೆ ಮಾಡಿದ ನಕಲಿ ಕೀಲಿ, 1998ರದ್ದು.

ಮಾರೋರು ಹೇಳೋ ಒಂದು ಮಾತು ಸುಳ್ಳಲ್ಲ. ಸಿಜೆಸಿ-1295 ಚುಚ್ಚಿದ್ರೆ ರಕ್ತದಲ್ಲಿ ಗ್ರೋತ್ ಹಾರ್ಮೋನ್ ಏರ್ತದೆ, ಆರೋಗ್ಯವಂತರ ಮೇಲೆ ಮಾಡಿದ 2006ರ ಸಣ್ಣ ಪ್ರಯೋಗದಲ್ಲೇ ಅದು ಕಂಡಿದೆ. ಹಾರ್ಮೋನ್ ಏರಿದ್ರೆ ವಯಸ್ಸು ಇಳೀತದಾ ಅನ್ನೋದು ಬೇರೆ ಪ್ರಶ್ನೆ.

ಭಾಗ 8

1990ರ ಬೇಸಿಗೆಯಲ್ಲಿ ಅಮೆರಿಕದ ಎರಡು ದೊಡ್ಡ ವೈದ್ಯ ಪತ್ರಿಕೆಗಳಲ್ಲಿ ತಿಂಗಳೊಳಗೆ ಎರಡು ಲೇಖನ ಬಂದವು. ಇಡೀ ಸರಣಿಯಲ್ಲಿ ಇದೊಂದು ಭಾಗ ಓದಿದ್ರೂ ಸಾಕು.

ಒಂದು, ಜುಲೈ 5ರದ್ದು, ಡೇನಿಯಲ್ ರಡ್ಮನ್ ತಂಡದ್ದು. 61ರಿಂದ 81 ವಯಸ್ಸಿನ 21 ಗಂಡಸರು. ಅದರಲ್ಲಿ 12 ಮಂದಿಗೆ ಆರು ತಿಂಗಳು, ವಾರಕ್ಕೆ ಮೂರು ಸಲ ಗ್ರೋತ್ ಹಾರ್ಮೋನ್. ಕೊಬ್ಬು ಬಿಟ್ಟು ಉಳಿದ ಮೈತೂಕ 8.8 ಶೇಕಡಾ ಏರಿತು, ಕೊಬ್ಬು 14.4 ಶೇಕಡಾ ಇಳಿಯಿತು. ಹತ್ತಿಪ್ಪತ್ತು ವರ್ಷದ ಮುಪ್ಪಿನಲ್ಲಿ ಆಗೋ ಬದಲಾವಣೆಯಷ್ಟು ಇದು ಅಂತ ಲೇಖನದಲ್ಲಿ ಬರೆದಿದ್ದರು. ಅಷ್ಟೇ ಸಾಕಾಯ್ತು. ಇಪ್ಪತ್ತು ವರ್ಷ ಚಿಕ್ಕವರಾಗಿ ಅನ್ನೋ ಜಾಹೀರಾತು ಅಂಗಡಿ ಅಂಗಡಿಗೆ ಬಂತು. ಬಲ ಹೆಚ್ಚಾಯ್ತಾ, ಓಡಾಟ ಸುಧಾರಿಸ್ತಾ ಅನ್ನೋದನ್ನು ಆ ಪ್ರಯೋಗ ತೋರಿಸಿಯೇ ಇರಲಿಲ್ಲ. 2003ರಲ್ಲಿ ಅದೇ ಪತ್ರಿಕೆ ಸಂಪಾದಕೀಯ ಬರೆದು, ನಮ್ಮ ಲೇಖನ ತೋರಿಸಿ ಸರಕು ಮಾರ್ತಿದ್ದಾರೆ ಅಂತ ಟೀಕೆ ಮಾಡಬೇಕಾಯ್ತು.

ಇನ್ನೊಂದು ಲೇಖನ ಅದಕ್ಕೂ ಮೂರು ವಾರ ಮೊದಲಿನದು, ಜೂನ್ 13ರದ್ದು. ಮರಿಯಾ ಫಿಯಾಟರೋನೆ ಅನ್ನೋ ವೈದ್ಯೆಯ ತಂಡ. ವೃದ್ಧಾಶ್ರಮದ ಹತ್ತು ಮಂದಿ, ಸರಾಸರಿ ವಯಸ್ಸು ತೊಂಬತ್ತು. ಎಂಟು ವಾರ, ಕಾಲಿಗೆ ಭಾರ ಕಟ್ಟಿ ಎತ್ತಿಸಿದ್ರು. ಮೆಲ್ಲಗೆ ಅಲ್ಲ, ಅವರ ಶಕ್ತಿಯ ಹತ್ತಿರ ಹತ್ತಿರದ ಭಾರ. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರಲ್ಲಿ!

ಮೊದಲನೇ ಲೇಖನದ ಹೆಸರು ಜಿಮ್‌ನಾಗ ಈಗಲೂ ಕೇಳಿಬರ್ತದೆ. ಎರಡನೇದು ಎಷ್ಟು ಮಂದಿಗೆ ಗೊತ್ತು? ಮಾರೋ ಶೀಶೆ ಇಲ್ಲದ ಲೇಖನಕ್ಕೆ ರೀಲ್ ಮಾಡೋರು ಯಾರು.

1996ರಲ್ಲಿ 70 ದಾಟಿದ 52 ಗಂಡಸರಿಗೆ ಆರು ತಿಂಗಳು ಗ್ರೋತ್ ಹಾರ್ಮೋನ್ ಕೊಟ್ಟು, ಈ ಸಲ ಬಲವನ್ನೂ ಅಳೆದ್ರು. ಮೈಕಟ್ಟು ಬದಲಾಯ್ತು. ಮೊಣಕಾಲಿನ ಬಲ, ಕೈಹಿಡಿತ, ದಮ್ಮು ಹೆಚ್ಚಲಿಲ್ಲ. ಕಾಲು ಊತ, ಕೀಲು ನೋವು ಮಾತ್ರ ಬಂದವು.

ಭಾಗ 9

ಬೇಗ ಬೇಗ ಹೇಳ್ತೀನಿ, ಇದು ಇಲಿಗಳ ಭಾಗ.

ಗ್ರೋತ್ ಹಾರ್ಮೋನ್ ಹೆಚ್ಚಾದ್ರೆ ಆಯುಷ್ಯ ಹೆಚ್ಚು ಅನ್ನೋದಾದ್ರೆ ದೈತ್ಯ ಇಲಿ ಜಾಸ್ತಿ ಬದುಕಬೇಕು. ಉಲ್ಟಾ ಆಯ್ತು. ಹಾರ್ಮೋನ್ ಅತಿಯಾಗುವಂತೆ ಮಾಡಿದ ದೈತ್ಯ ಇಲಿ ಬೇಗ ಸತ್ತವು. ಹುಟ್ಟಿನಿಂದಲೇ ಆ ಹಾರ್ಮೋನ್ ಇಲ್ಲದ ಏಮ್ಸ್ ಕುಳ್ಳ ಇಲಿಗಳು ಉಳಿದವಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚು ಬದುಕ್ತವೆ ಅಂತ 1996ರಲ್ಲಿ ಆಂಡ್ರೆಜ್ ಬಾರ್ಟ್ಕೆ ತಂಡ ತೋರಿಸಿತು. ಹಾರ್ಮೋನಿಗೆ ಕಿವಿಗೊಡದ ಹಾಗೆ ಮಾಡಿದ ಇನ್ನೊಂದು ಇಲಿ ಹೆಚ್ಚುಕಡಿಮೆ ಐದು ವರ್ಷ ಬದುಕಿತು. ಮನೆ ಇಲಿಗೆ ಎರಡು ಮೂರು ವರ್ಷ ಅಂದ್ರೆ ಭಾಳ.

ಮನುಷ್ಯರಲ್ಲಿ? ಈಕ್ವೆಡಾರ್ ದೇಶದ ದಕ್ಷಿಣದ ಹಳ್ಳಿಗಳಲ್ಲಿ ಲಾರೋನ್ ಸಿಂಡ್ರೋಮ್ ಇರೋ ಜನ ಇದ್ದಾರೆ. ಹಾರ್ಮೋನ್ ಇದ್ರೂ ದೇಹ ಅದಕ್ಕೆ ಓಗೊಡೋದಿಲ್ಲ, ಎತ್ತರ ನಾಲ್ಕು ಅಡಿ ಸುತ್ತಮುತ್ತ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಲ್ಲಿ ಶುಗರ್ ಇರಲೇ ಇಲ್ಲ, ಕ್ಯಾನ್ಸರ್ ಸಿಕ್ಕಿದ್ದು ಒಬ್ಬರಲ್ಲಿ. ಹಂಗಂತ ಅವರು ನೂರು ವರ್ಷ ಬದುಕ್ತಾರೆ ಅಂತ ಅಲ್ಲ, ಅಪಘಾತ, ಕುಡಿತ ಅವರನ್ನೂ ಬಿಟ್ಟಿಲ್ಲ.

ಸಂದೇಶ ಕಳಿಸಿ ಹಾರ್ಮೋನ್ ಬಿಡಿಸೋ ಮದ್ದಿನ ದೊಡ್ಡ ಪರೀಕ್ಷೆ ಎಂಕೆ-677ದ್ದು. ಇದು ಪೆಪ್ಟೈಡ್ ಅಲ್ಲ, ಗ್ರೆಲಿನ್ ಬೀಗಕ್ಕೇ ಹೋಗೋ ಗುಳಿಗೆ. ಜಿಮ್‌ನವರು ಎಲ್ಲಾನೂ ಪೆಪ್ಟೈಡ್ ಅಂತಲೇ ಕರೀತಾರೆ. 60 ದಾಟಿದ 65 ಆರೋಗ್ಯವಂತರ ಮೇಲೆ ಎರಡು ವರ್ಷ ನಡೆದ ಪ್ರಯೋಗ, 2008ರಲ್ಲಿ ಬಂತು. ಹಾರ್ಮೋನ್ ಹರೆಯದವರ ಮಟ್ಟಕ್ಕೆ ಏರಿತು. ಮೈಕಟ್ಟು ಒಂದು ಕಿಲೋ ಚಿಲ್ಲರೆ ಹೆಚ್ಚಿತು. ಬಲ ಹೆಚ್ಚಲಿಲ್ಲ. ರಕ್ತದ ಸಕ್ಕರೆ ಏರಿತು, ಇನ್ಸುಲಿನ್ ಮಾತು ದೇಹ ಕೇಳೋದು ಕಡಿಮೆ ಆಯ್ತು. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ನಡೆದ ಇನ್ನೊಂದು ಪ್ರಯೋಗವನ್ನು ಹೃದಯಕ್ಕೆ ತೊಂದರೆ ಕಂಡು ನಡುವೆಯೇ ನಿಲ್ಲಿಸಿದ್ರು.

ಈ ಗುಂಪಿನ ಟೆಸಾಮೊರೆಲಿನ್ ಅನ್ನೋದಕ್ಕೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಎಚ್‌ಐವಿ ಇರೋರ ಹೊಟ್ಟೆಯಲ್ಲಿ ಸೇರೋ ಕೊಬ್ಬಿಗೆ. ಮುಪ್ಪಿಗೆ ಅಂತ ಅಲ್ಲ. ಕಬಡ್ಡಿ, ಅಥ್ಲೆಟಿಕ್ಸ್ ಆಡೋ ದೋಸ್ತರಿಗೆ ಒಂದು ಮಾತು: ಇವೆಲ್ಲಾ ವಾಡಾದ ನಿಷೇಧಿತ ಪಟ್ಟಿಯಲ್ಲಿವೆ. (ಇದು ನಮ್ಮ ವಾಡಿ ಅಲ್ರಪ್ಪೋ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ.) ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ರೆ ವರ್ಷಗಟ್ಟಲೆ ಆಟ ಬಂದ್.

ಭಾಗ 10

ಕೊನೇ ಭಾಗ. ಫೋಟೋದಲ್ಲಿ ಶಹಾಬಾದ್ ಫರ್ಸಿಯ ಎರಡು ತುಂಡು, ಗೋಣಿ ಹಗ್ಗ ಕಟ್ಟಿದ್ದು. ಅದರ ಕಥೆ ಹೇಳ್ತೀನಿ.

ದೋಸ್ತನ ಮನೆಗೆ ಹೋಗಿ ಇಷ್ಟೂ ಹೇಳಿದೆ. ಅವನು ಮುಖ ಸಣ್ಣ ಮಾಡಿಕೊಂಡ. ದುಡ್ಡು ಹೋಯ್ತು ಅಂತ ಅಲ್ಲ. "ಮತ್ತ ಅಪ್ಪಗ ಏನ್ ಮಾಡ್ಲಿ ಹೇಳು" ಅಂದ. ನನ್ನ ಹತ್ತಿರ ತಯಾರಿ ಉತ್ತರ ಇರಲಿಲ್ಲ. ಮಳಖೇಡದ ರಾಜನ ಕಥೆ ಹೇಳೋದು ಸುಲಭ, ಖಣಿಯ ಧೂಳು ಕುಡಿದ ಮನುಷ್ಯನ ಮುಂದೆ ಕೂತು ಮಾತಾಡೋದು ಕಷ್ಟ. ರಾಜ ಎಂಬತ್ತು ಮುಟ್ಟಿದ, ಅವನ ಕೋಟೆಗೆ ಕಲ್ಲು ಒಡೆದವರು ಎಷ್ಟಕ್ಕೆ ಹೋದ್ರು ಅಂತ ಯಾವ ತಾಮ್ರಪಟದಾಗೂ ಬರೆದಿಲ್ಲ. ಕಲ್ಲು ಕೊರೆಯೋ ಧೂಳಿನ ಸಿಲಿಕಾ ಪುಪ್ಪುಸದೊಳಗೆ ಸೇರಿದ್ರೆ ವಾಪಸ್ ಬರೋದಿಲ್ಲ, ಅದಕ್ಕೆ ಯಾವ ಪೆಪ್ಟೈಡೂ ಇಲ್ಲ. ಅವರು ಮುದುಕರಾದದ್ದು ಗ್ರೋತ್ ಹಾರ್ಮೋನ್ ಕಡಿಮೆ ಆಗಿ ಅಲ್ಲ. ಇದನ್ನು ಮಾತ್ರ ನನಗ ಬಾಯಿ ಬಿಟ್ಟು ಹೇಳೋಕೆ ಆಗಲಿಲ್ಲ.

ಕಾಕಾ ಹೊರಸಿನ ಮೇಲೆ ಕೂತು ಎಲ್ಲಾ ಕೇಳಿಸಿಕೊಂಡಿದ್ರು. ಶೀಶೆ ಕೈಯಾಗ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ ಕೇಳಿದ್ರು, "ಇದನ್ನ ಹಾಕ್ಕೊಂಡ್ರ ಶುಗರ್ ಏರ್ತದೇನು?"

"ಏರೋ ಸಾಧ್ಯತೆ ಅದ ರೀ ಕಾಕಾ."

"ಮತ್ತ ಇದನ್ಯಾಕ ತಂದ್ಯೋ ಮಗನ?" ಅಂತ ದೋಸ್ತನ ಬೆನ್ನಿಗೊಂದು ಗುದ್ದಿದ್ರು. ಗುದ್ದು ಜೋರಾಗೇ ಬಿತ್ತು, ಬಲ ಪೂರಾ ಹೋಗಿಲ್ಲ ಅಂತ ಗೊತ್ತಾಯ್ತು.

ಮರುವಾರ ಮೂವರೂ ಸರ್ಕಾರಿ ದವಾಖಾನೆಗೆ ಹೋದೆವು. ಶುಗರ್ ನೋಡಿಸಿದೆವು, ಗುಳಿಗೆ ಬದಲಾಯ್ತು, ಎದೆಯ ಎಕ್ಸ್‌ರೇ ಬರೆದುಕೊಟ್ಟರು. ತೊಂಬತ್ತರ ಮಂದಿ ಭಾರ ಎತ್ತಿದ ಕಥೆ ಹೇಳಿ, ಇವರು ಎತ್ತಬಹುದಾ ಅಂತ ನಾನೇ ಡಾಕ್ಟರಿಗೆ ಕೇಳಿದೆ. ದಮ್ಮು ನೋಡಿಕೊಂಡು, ಸಣ್ಣದರಿಂದ ಶುರು ಮಾಡಲಿ, ಕುರ್ಚಿಯಿಂದ ಕೈ ಊರದೆ ಏಳೋದು ಮೊದಲು ರೂಢಿ ಆಗಲಿ ಅಂದ್ರು.

ಚಿಂಚೋಳಿ ಕಡೆಯ ಹಳ್ಳಿಯಲ್ಲಿರೋ ನಮ್ಮಜ್ಜಿಗೆ ಫೋನ್‌ನಾಗ ಇದೆಲ್ಲ ಹೇಳಿದಾಗ ಆಕಿ ನಕ್ಕಳು. ಎಪ್ಪತ್ತು ದಾಟಿದಾಕಿ, ತೊಗರಿ ಹೊಲದಾಗ ಕಳೆ ತೆಗೆಯೋಕೆ ಈಗಲೂ ಕುಕ್ಕರಗಾಲಲ್ಲಿ ಕೂತು ಏಳ್ತಾಳ. "ಕುರ್ಚಿಯಿಂದ ಏಳೋದು ಕಲಸಾಕ ಡಾಕ್ಟರ್ ಬೇಕಾತೇನೋ?" ಅಂದ್ಲು.

ಫರ್ಸಿ ತುಂಡು ಕಾಕಾ ತಾವೇ ಒಡೆದು, ಅಂಚು ಉಜ್ಜಿ, ತೂಕ ಸಮ ಮಾಡಿ ಹಗ್ಗ ಕಟ್ಟಿದ್ದು. ಅದರಾಗ ಅವರ ಕೈ ಇನ್ನೂ ತಪ್ಪಿಲ್ಲ. ಮೊದಲ ದಿನ ಕೈ ಊರದೆ ಎರಡು ಸಲ ಎದ್ದರು. ನಿನ್ನೆ ದೋಸ್ತ್ ಮೆಸೇಜ್ ಹಾಕಿದ್ದ, ಏಳು ಸಲ ಅಂತ. ಶೀಶೆ ಇನ್ನೂ ಅವರ ಫ್ರಿಜ್‌ನಾಗ, ಮೊಸರಿನ ಪಾತ್ರೆ ಹಿಂದೆ ಅದ. ಮಾರಿದವನು ವಾಪಸ್ ತಗೊಳ್ಳಲ್ಲ ಅಂತಾನೆ.